ನೀರು ಕುಡಿಯದ ಕುದುರೆ

ಮಕ್ಕಳಿಗಾಗಿ ನಾನು ಬರೆದ ಮೊದಲ ಐತಿಹಾಸಿಕ ಸಾಹಸ ಕಾದಂಬರಿಯಲ್ಲಿ ಕಪ್ಪು ಹೆಣ್ಣು ಕುದುರೆಯೊಂದು ಲಂಡನ್ನಿನಿಂದ ಯಾರ್ಕ್ ಪಟ್ಟಣಕ್ಕೆ ಒಂದೇ ರಾತ್ರಿಯಲ್ಲಿ ಓಡುತ್ತದೆ. ದೂರ ಸುಮಾರು 320 ಕಿಲೋಮೀಟರು. ಬೆನ್ನ ಮೇಲೆ ಇಬ್ಬರು. ಒಬ್ಬ ಇಂಗ್ಲೆಂಡಿನ ಹೆಸರಾಂತ ದಾರಿಗಳ್ಳ ಡಿಕ್ ಟರ್ಪಿನ್. ಇನ್ನೊಬ್ಬ ಅವನ ಸೊಂಟ ತಬ್ಬಿ ಕೂತ ಟಾಮ್, ನಾನೇ ಕಲ್ಪಿಸಿದ ಲಾಯದ ಹುಡುಗ. ಸುಂಕದ ಗೇಟು ಮುಚ್ಚಿದ್ದರೆ ಕುದುರೆ ಹಾರುತ್ತದೆ, ಹೊಳೆ ಅಡ್ಡ ಬಂದರೆ ಈಜುತ್ತದೆ, ಬೆಳಗಿನ ಜಾವ ಯಾರ್ಕಿನ ಗೋಪುರಗಳು ಕಾಣಿಸುವಾಗಲೂ ನಾಗಾಲೋಟದಲ್ಲೇ ಇರುತ್ತದೆ. ಆ ಅಧ್ಯಾಯ ಬರೆಯುವಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಇಡೀ ಪುಸ್ತಕವನ್ನು ಆ ಓಟಕ್ಕಾಗಿಯೇ ಕಟ್ಟಿದ್ದೆ. ಪುಸ್ತಕ ಮುಗ್ಗರಿಸಿದ್ದೂ ಅಲ್ಲಿಯೇ.

ಪ್ರೌಢಶಾಲೆಯಲ್ಲಿ ಇತಿಹಾಸ ಪಾಠ ಹೇಳಿ ನಿವೃತ್ತನಾದವನು ನಾನು. ಹುಡುಗನಾಗಿದ್ದಾಗ ಕೈಗೆ ಸಿಕ್ಕ ಒಂದು ಸಚಿತ್ರ ಇಂಗ್ಲಿಷ್ ಪುಸ್ತಕದಲ್ಲಿ ಮುಖವಾಡ ತೊಟ್ಟ ಸವಾರನನ್ನೂ ಅವನ ಕಪ್ಪು ಕುದುರೆಯನ್ನೂ ಕಂಡಿದ್ದೆ. ಬೆಳದಿಂಗಳು, ಖಾಲಿ ರಸ್ತೆ, ದೂರದಿಂದ ಬರುವ ಸಾರೋಟು. ಆ ಚಿತ್ರ ಅರ್ಧ ಶತಮಾನ ನನ್ನೊಳಗೆ ಹಾಗೇ ಇತ್ತು. ಕನ್ನಡದ ಮಕ್ಕಳಿಗೆ ಆ ಬೆಳದಿಂಗಳ ರಸ್ತೆಯನ್ನು ಕೊಡಬೇಕು ಎಂಬ ಆಸೆ ಪ್ರಾಮಾಣಿಕವಾದದ್ದೇ.

ಮುದ್ರಣಕ್ಕೆ ಕೊಡುವ ಮೊದಲು ಮಕ್ಕಳಿಗೆ ಓದಿ ಹೇಳೋಣವೆಂದು ಕುಣಿಗಲ್ ಸೀಮೆಯ ಒಂದು ಹಳ್ಳಿ ಶಾಲೆಗೆ ಹೋದೆ. ಓಟದ ಅಧ್ಯಾಯವನ್ನೇ ಆರಿಸಿಕೊಂಡೆ. ಧ್ವನಿ ಏರಿಸಿ, ಇಳಿಸಿ, ಬೇಕಾದಲ್ಲಿ ತಡೆದು ಓದಿದೆ. ಮಕ್ಕಳು ಸುಮ್ಮನೆ ಕೇಳಿದರು. ಮುಗಿದ ಮೇಲೆ ಏಳನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು.

"ಸಾರ್, ಕುದ್ರೆ ನೀರೆಲ್ಲಿ ಕುಡೀತು?"

ನಾನು ಪುಟ ತಿರುವಿದೆ. ಎಲ್ಲೂ ಕುಡಿದಿರಲಿಲ್ಲ. "ಇದು ಕಥೆ ಅಲ್ವೇನಮ್ಮ," ಅಂದೆ. ಅವಳು ಕೂತಳು. ಆಮೇಲೆ ಯಾರೂ ಏನೂ ಕೇಳಲಿಲ್ಲ. ಅವಳ ಅಪ್ಪ ಕುದುರೆ ನೋಡಿಕೊಳ್ಳುವ ಸೈಸ್ ಎಂದು ಮೇಷ್ಟರು ಆಮೇಲೆ ಹೇಳಿದರು.

ಮಕ್ಕಳಿಗೆ ಪಾಠ ಹೇಳುತ್ತಲೇ ಆಯುಷ್ಯ ಕಳೆದವನು ಆ ಉತ್ತರ ಕೊಡಬಾರದಿತ್ತು. ಅವಳು ಕೇಳಿದ್ದು ತೀರ ನ್ಯಾಯವಾದ ಪ್ರಶ್ನೆ. ಕಥೆಯಾಗಿದ್ದರಿಂದಲೇ ಅದಕ್ಕೆ ಉತ್ತರ ಇರಬೇಕಿತ್ತು. ನಾನು ಅವಳ ತಿಳಿವಳಿಕೆಯನ್ನು ಕಥೆಯ ಬಾಗಿಲ ಹೊರಗೆ ನಿಲ್ಲಿಸಿದೆ.

ಆದರೂ ಹಸ್ತಪ್ರತಿಯನ್ನು ಬೆಂಗಳೂರಿನ ಪ್ರಕಾಶನವೊಂದಕ್ಕೆ ಕಳಿಸಿದೆ. ಅಲ್ಲಿನ ಸಂಪಾದಕಿ ಪೂರ್ತಿ ಓದಿ ಫೋನ್ ಮಾಡಿದರು. ಭಾಷೆ ಚೆನ್ನಾಗಿದೆ ಅಂದರು. ನಂತರ ಸ್ವಲ್ಪ ತಡೆದು, "ಆದ್ರೆ ಸರ್, ಇನ್ನೂರು ಪುಟದಲ್ಲಿ ಯಾರಿಗೂ ಏನೂ ಆಗೋದೇ ಇಲ್ಲ" ಅಂದರು. ಕೊಳ್ಳೆ ಇದೆ, ಗುಂಡಿನ ಸದ್ದು ಇದೆ, ಬೆನ್ನಟ್ಟುವಿಕೆ ಇದೆ. ಆದರೂ ಯಾರಿಗೂ ಏನೂ ಆಗುವುದಿಲ್ಲ. ಹುಡುಗಿ ಕೇಳಿದ್ದೂ ಸಂಪಾದಕಿ ಹೇಳಿದ್ದೂ ಒಂದೇ ಮಾತು ಎಂದು ತಿಳಿಯಲು ನನಗೆ ಸಾಕಷ್ಟು ಕಾಲ ಹಿಡಿಯಿತು.

ಮತ್ತೆ ಆ ಊರಿಗೆ ಹೋಗಿ ಹುಡುಗಿಯ ತಂದೆಯನ್ನು ಕಂಡೆ. ಕುದುರೆಗಳ ಪಕ್ಕದಲ್ಲೇ ಬೆಳೆದ ಮನುಷ್ಯ. ನನ್ನ ಅಧ್ಯಾಯದ ಸಾರ ಕೇಳಿ ಅವರು ನಗಲಿಲ್ಲ. "ಕುದ್ರೆ ಅಂದ್ರೆ ಮೋಟರ್ ಸೈಕಲ್ ಅಲ್ಲ ಸಾರ್, ಕಿಕ್ ಹೊಡುದ್ರೆ ಹೋಗಕ್ಕೆ" ಎಂದಷ್ಟೇ ಹೇಳಿ, ಒಂದು ಹೆಣ್ಣು ಕುದುರೆಯ ಹತ್ತಿರ ನಿಲ್ಲಿಸಿಕೊಂಡು ತೋರಿಸುತ್ತ ಹೋದರು. ಕುತ್ತಿಗೆಯ ಚರ್ಮ ಚಿವುಟಿ ಬಿಟ್ಟರೆ ಅದು ತಟ್ಟನೆ ಮೊದಲಿನಂತಾಗಬೇಕು. ಮಡಿಕೆ ಹಾಗೇ ನಿಂತರೆ ಮೈಯಲ್ಲಿ ನೀರಿಲ್ಲ ಎಂದರ್ಥ. ಹೊಟ್ಟೆಯ ಬದಿಗೆ ಕಿವಿ ಇಟ್ಟರೆ ಗುಡುಗುಡು ಸದ್ದು ಕೇಳಿಸಬೇಕು, ಸದ್ದಡಗಿದರೆ ಭಯಪಡಬೇಕು. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ, ಹೀಗಾಗಿ ಹೊಟ್ಟೆನೋವು ಅದಕ್ಕೆ ಪ್ರಾಣಾಂತಿಕವಾಗಬಹುದು. ಅದು ಬಾಯಿಂದ ಉಸಿರಾಡುವುದೂ ಇಲ್ಲ. ಎಷ್ಟೇ ಏದುಸಿರಾದರೂ ಮೂಗಿನ ಹೊಳ್ಳೆಗಳೇ ಗತಿ. ಓಡಿ ಬಂದ ಕುದುರೆಯನ್ನು ಹಾಗೇ ಕಟ್ಟಿಹಾಕಬಾರದು, ಬೆವರು ಆರಿ ಉಸಿರು ಹದಕ್ಕೆ ಬರುವವರೆಗೆ ನಡೆಸಬೇಕು. ದಿನಕ್ಕೆ ಇಪ್ಪತ್ತೈದರಿಂದ ಐವತ್ತು ಲೀಟರ್ ನೀರು ಕುಡಿಯುವ, ದಿನದ ಬಹುಪಾಲು ಹೊತ್ತು ಮೇಯುವ ಪ್ರಾಣಿ ಅದು.

ನಾನು ಬರೆದಿದ್ದ ಕುದುರೆಗೆ ಕಣ್ಣುಗಳಿದ್ದವು, ಹೊಳೆಯುವ ಮೈ ಇತ್ತು. ಹೊಟ್ಟೆ ಇರಲಿಲ್ಲ.

ಇತಿಹಾಸದ ಪುಸ್ತಕಗಳನ್ನು ತೆರೆದದ್ದು ಆ ಮೇಲೆ. ಆ ಕೆಲಸ ಮೊದಲೇ ಆಗಬೇಕಿತ್ತು. ಲಂಡನ್ನಿನಿಂದ ಯಾರ್ಕಿಗೆ ಟರ್ಪಿನ್ ಹಾಗೆ ಸವಾರಿ ಮಾಡಿಯೇ ಇಲ್ಲ. ಅಂಥ ಕಥೆ ಮೊದಲು ಅಂಟಿಕೊಂಡಿದ್ದು ಅವನಿಗಿಂತ ಹಿಂದಿನ ಜಾನ್ ನೆವಿಸನ್ ಎಂಬ ಕಳ್ಳನಿಗೆ. 1676ರಲ್ಲಿ ಕೆಂಟ್ ಪ್ರಾಂತ್ಯದ ಗ್ಯಾಡ್ಸ್ ಹಿಲ್ ಬಳಿ ಬೆಳಗಿನ ಜಾವ ದರೋಡೆ ಮಾಡಿದವನು ಅದೇ ಸಂಜೆ ಯಾರ್ಕಿನಲ್ಲಿ ಕಾಣಿಸಿಕೊಂಡು, ತಾನು ಅಲ್ಲಿದ್ದೆ ಎಂಬುದಕ್ಕೆ ಊರಿನ ಮೇಯರನನ್ನೇ ಸಾಕ್ಷಿ ಮಾಡಿಕೊಂಡನಂತೆ. ಡೇನಿಯಲ್ ಡೀಫೋ ಈ ಐತಿಹ್ಯವನ್ನು ತನ್ನ ಪ್ರವಾಸ ಗ್ರಂಥದಲ್ಲಿ ಬರೆದಿಟ್ಟ. ಟರ್ಪಿನ್ ಸತ್ತು ಸುಮಾರು ನೂರು ವರ್ಷವಾದ ಮೇಲೆ, 1834ರಲ್ಲಿ, ಹ್ಯಾರಿಸನ್ ಏನ್ಸ್‌ವರ್ತ್ ಎಂಬ ಕಾದಂಬರಿಕಾರ 'ರುಕ್‌ವುಡ್' ಬರೆದು ಆ ಓಟವನ್ನು ಟರ್ಪಿನ್‌ಗೆ ಕೊಟ್ಟ, ಜೊತೆಗೆ ಬ್ಲ್ಯಾಕ್ ಬೆಸ್ ಎಂಬ ಕುದುರೆಯನ್ನೂ ಕೊಟ್ಟ. 1860ರ ದಶಕದಲ್ಲಿ ಬ್ಲ್ಯಾಕ್ ಬೆಸ್ ಹೆಸರಿನ ಅಗ್ಗದ ಧಾರಾವಾಹಿ ವಾರಕ್ಕೊಂದರಂತೆ 254 ಕಂತು ಬಂತು. ಏನ್ಸ್‌ವರ್ತ್ ಬಗ್ಗೆ ನನಗೆ ಒಂದು ಗೌರವ ಉಳಿದಿದೆ. ಅವನ ಕುದುರೆ ಯಾರ್ಕ್ ಕಣ್ಣಿಗೆ ಬೀಳುವಷ್ಟರಲ್ಲಿ ಬಿದ್ದು ಸಾಯುತ್ತದೆ. ಆ ಓಟಕ್ಕೆ ಅವನು ಬೆಲೆ ಕಟ್ಟಿದ. ನಾನು ಮಕ್ಕಳಿಗೆ ನೋವಾಗಬಾರದೆಂದು ಕುದುರೆಯನ್ನು ಬದುಕಿಸಿದೆ. ಹಾಗೆ ಮಾಡಿ ಅದು ಎಂದೂ ಬದುಕಿಯೇ ಇಲ್ಲದಂತೆ ಮಾಡಿದೆ.

ಒಂದು ಲೆಕ್ಕ ನನ್ನನ್ನು ಬಹಳ ಕಾಡಿತು. 1784ರ ಆಗಸ್ಟ್ 2ರಂದು ಇಂಗ್ಲೆಂಡಿನ ಮೊದಲ ಅಂಚೆ ಸಾರೋಟು ಬ್ರಿಸ್ಟಲಿನಿಂದ ಸಂಜೆ ನಾಲ್ಕಕ್ಕೆ ಹೊರಟು ಮರುದಿನ ಬೆಳಿಗ್ಗೆ ಎಂಟಕ್ಕೆ ಲಂಡನ್ ಮುಟ್ಟಿತು. ಸುಮಾರು 190 ಕಿಲೋಮೀಟರಿಗೆ 16 ಗಂಟೆ. ದಾರಿಯುದ್ದಕ್ಕೂ ದಣಿದ ಕುದುರೆಗಳನ್ನು ಬಿಚ್ಚಿ ಹೊಸವನ್ನು ಕಟ್ಟುತ್ತ ಹೋದರೂ ಗಂಟೆಗೆ ಬಂದ ವೇಗ 12 ಕಿಲೋಮೀಟರಿನ ಆಸುಪಾಸು. ಆ ಕಾಲಕ್ಕೆ ಅದು ಜನ ಬಾಯಿ ಬಿಟ್ಟು ನೋಡಿದ ವೇಗ. ಈ ವ್ಯವಸ್ಥೆ ಹುಟ್ಟುಹಾಕಿದವನ ಹೆಸರು ಜಾನ್ ಪಾಮರ್. ಅದಕ್ಕೆ ಸುಮಾರು ಅರ್ಧ ಶತಮಾನ ಮೊದಲು ಯಾರ್ಕ್‌ಶೈರಿನಲ್ಲಿ ಅವಿತಿದ್ದಾಗ ಟರ್ಪಿನ್ ಇಟ್ಟುಕೊಂಡಿದ್ದ ಸುಳ್ಳು ಹೆಸರೂ ಜಾನ್ ಪಾಮರ್. ಕಾದಂಬರಿಕಾರ ಬರೆದರೆ ಯಾರೂ ನಂಬದ ಕಾಕತಾಳೀಯ. ಇಂದಿನ ದೀರ್ಘ ದೂರದ ಕುದುರೆ ಸ್ಪರ್ಧೆಗಳಲ್ಲಿ ಒಂದು ದಿನಕ್ಕೆ 160 ಕಿಲೋಮೀಟರ್ ಎಂದರೆ ಅತಿ ಕಠಿಣ ಪರೀಕ್ಷೆ. ನಡುನಡುವೆ ಪಶುವೈದ್ಯರು ತಡೆದು ಎದೆಬಡಿತ ಎಣಿಸುತ್ತಾರೆ. ಅದು ನಿಗದಿತ ಹೊತ್ತಿನೊಳಗೆ ನಿಮಿಷಕ್ಕೆ 64ಕ್ಕೆ ಇಳಿಯದಿದ್ದರೆ ಆ ಕುದುರೆ ಅಲ್ಲಿಗೇ ಸ್ಪರ್ಧೆಯಿಂದ ಹೊರಗೆ. ಅದರ ಎರಡರಷ್ಟು ದೂರವನ್ನು ನಾನು ಇಬ್ಬರನ್ನು ಹೊರಿಸಿ ಒಂದು ರಾತ್ರಿಯಲ್ಲಿ ಓಡಿಸಿದ್ದೆ.

ಇಷ್ಟಾದರೂ ಪುಸ್ತಕ ಉಳಿಸಬಹುದು ಎಂದುಕೊಂಡೆ. ಟರ್ಪಿನ್ ಬಗ್ಗೆ ಓದಲು ಕೂತ ಮೇಲೆ ಆ ನಂಬಿಕೆಯೂ ಹೋಯಿತು.

ಎಸೆಕ್ಸ್ ಪ್ರಾಂತ್ಯದ ಹೆಂಪ್‌ಸ್ಟೆಡ್ ಎಂಬ ಹಳ್ಳಿಯಲ್ಲಿ 1705ರಲ್ಲಿ ಹುಟ್ಟಿದ ಟರ್ಪಿನ್ ಕಟುಕನ ಕೆಲಸ ಕಲಿತವನು. ಕಾಡಿನ ಜಿಂಕೆ ಕದಿಯುತ್ತಿದ್ದ ಗುಂಪಿನ ಸಹವಾಸಕ್ಕೆ ಬಿದ್ದು, ಅದೇ ಗುಂಪಿನೊಡನೆ ಒಂಟಿ ಮನೆಗಳಿಗೆ ನುಗ್ಗತೊಡಗಿದ. 1735ರ ಫೆಬ್ರವರಿಯಲ್ಲಿ ಲೌಟನ್ ಎಂಬಲ್ಲಿ ವಿಧವೆಯೊಬ್ಬಳ ಮನೆ ಹೊಕ್ಕು, ದುಡ್ಡು ಎಲ್ಲಿದೆ ಹೇಳದಿದ್ದರೆ ಬೆಂಕಿಯ ಮೇಲೆ ಹಾಕುತ್ತೇವೆ ಎಂದು ಬೆದರಿಸಿದರು. ಕೆಲವೇ ದಿನಗಳಲ್ಲಿ ಎಡ್ಜ್‌ವೇರ್‌ನ ಜೋಸೆಫ್ ಲಾರೆನ್ಸ್ ಎಂಬ 70 ವರ್ಷದ ರೈತನ ಮನೆಯಲ್ಲಿ ಬೆದರಿಕೆಗೆ ನಿಲ್ಲಲಿಲ್ಲ. ಮುದುಕನನ್ನು ಪಿಸ್ತೂಲಿನಿಂದ ಬಡಿದರು, ಬರಿಮೈಯಲ್ಲಿ ಬೆಂಕಿಯ ಮೇಲೆ ಕೂರಿಸಿದರು, ಒಲೆಯ ಮೇಲಿದ್ದ ಕೆಟಲಿನ ನೀರನ್ನು ತಲೆಗೆ ಸುರಿದರು. ಮನೆಗೆಲಸದ ಹೆಣ್ಣುಮಗಳೊಬ್ಬಳ ಮೇಲೆ ಗುಂಪಿನಲ್ಲೊಬ್ಬ ಅತ್ಯಾಚಾರ ಮಾಡಿದ. ಇವರಲ್ಲಿ ಟರ್ಪಿನ್ ಒಬ್ಬ. ಒಂಟಿ ರಸ್ತೆಯ ಸವಾರನಾದದ್ದು ಈ ಗುಂಪು ಸಿಕ್ಕಿಬಿದ್ದು ಚದುರಿದ ಮೇಲೆ. 1737ರಲ್ಲಿ ಎಪ್ಪಿಂಗ್ ಕಾಡಿನಲ್ಲಿ ತನ್ನನ್ನು ಹಿಡಿಯಬಂದ ಥಾಮಸ್ ಮಾರಿಸ್ ಎಂಬ ಆಳನ್ನು ಗುಂಡಿಟ್ಟು ಕೊಂದ. ತಲೆಗೆ 200 ಪೌಂಡ್ ಬಹುಮಾನ ಘೋಷಣೆಯಾಯಿತು. ಉತ್ತರಕ್ಕೆ ಓಡಿಹೋಗಿ, ಹೆಸರು ಬದಲಿಸಿ, ಕುದುರೆ ವ್ಯಾಪಾರಿಯ ವೇಷ ಹಾಕಿದ. ವ್ಯಾಪಾರಕ್ಕೆ ಕುದುರೆ ಬರುತ್ತಿದ್ದದ್ದು ಪಕ್ಕದ ಲಿಂಕನ್‌ಶೈರಿನಿಂದ, ಕಳವಾಗಿ.

ಕಡೆಗೆ ಅವನಿಗೆ ಗಲ್ಲಾದದ್ದು ಕುದುರೆ ಕದ್ದ ಅಪರಾಧಕ್ಕೆ. ಥಾಮಸ್ ಕ್ರೀಸಿ ಎಂಬಾತನಿಗೆ ಸೇರಿದ ಒಂದು ಹೆಣ್ಣು ಕುದುರೆ, ಅದರ ಮರಿ, ಒಂದು ಹಿಡ ಮಾಡಿದ ಗಂಡು ಕುದುರೆ. ಈ ವಾಕ್ಯ ಓದಿ ಪುಸ್ತಕ ಮುಚ್ಚಿಟ್ಟು ಹೊರಗೆ ಹೋಗಿ ಕೂತೆ. ಕುದುರೆಯನ್ನು ಪ್ರಾಣದಂತೆ ಪ್ರೀತಿಸಿದವನೆಂದು ನಾನು ಮಕ್ಕಳಿಗೆ ತೋರಿಸಹೊರಟವನು ಬೇರೊಬ್ಬನ ತಾಯಿ ಕುದುರೆಯನ್ನೂ ಮರಿಯನ್ನೂ ಹೊಡೆದುಕೊಂಡು ಹೋದವನು. ಅಂದಿನ ಬೇಸಾಯಗಾರನಿಗೆ ಕುದುರೆ ಎಂದರೆ ಉಳುಮೆ, ಸಂತೆ, ಸಾಲ ತೀರಿಸುವ ದಾರಿ. ಕ್ರೀಸಿಯ ಹೆಸರು ಎಷ್ಟು ಜನ ಮಕ್ಕಳಿಗೆ ಗೊತ್ತು? ಲಾರೆನ್ಸ್ ಎಂಬ ಮುದುಕನ ಹೆಸರು? ನನ್ನ ಇನ್ನೂರು ಪುಟಗಳಲ್ಲಿ ದೋಚಿಸಿಕೊಂಡವರೆಲ್ಲ ಡೊಳ್ಳುಹೊಟ್ಟೆಯ, ಬೆದರಿದ ಸಿರಿವಂತರು. ಅವರ ಕೈಚೀಲ ಹೋದರೆ ಓದುವ ಮಗು ನಗಬೇಕು, ಹಾಗೆ ಬರೆದಿದ್ದೆ.

ಎರಡನೇ ಸಲ ಬರೆಯಲು ಕೂತಾಗ ನಾನು ಮತ್ತೊಂದು ಬಗೆಯಲ್ಲಿ ಸೋತೆ. ಓದಿದ್ದೆಲ್ಲವನ್ನೂ ತುಂಬಿದೆ. ರಾಜನ ದಾರಿಗೆ ಕಳ್ಳರ ಭಯವೆಂದು ಮೂರನೇ ವಿಲಿಯಂ 1690ರಲ್ಲಿ ಹೈಡ್ ಪಾರ್ಕಿನ ರಸ್ತೆಯುದ್ದಕ್ಕೂ 300 ಎಣ್ಣೆ ದೀಪ ಹಚ್ಚಿಸಿದ್ದು. ದಾರಿಗಳ್ಳನನ್ನು ಹಿಡಿದುಕೊಟ್ಟವರಿಗೆ 40 ಪೌಂಡ್ ಬಹುಮಾನವನ್ನೂ ಆ ಕಳ್ಳನ ಕುದುರೆಯನ್ನೂ ಕೊಡುವ 1692ರ ಕಾನೂನು. ಅದೇ ಹೈಡ್ ಪಾರ್ಕಿನಲ್ಲಿ 1749ರಲ್ಲಿ ಜೇಮ್ಸ್ ಮೆಕ್ಲೇನ್ ಎಂಬ ದಾರಿಗಳ್ಳ ಲೇಖಕ ಹೊರೇಸ್ ವಾಲ್‌ಪೋಲನನ್ನು ತಡೆದಾಗ ಪಿಸ್ತೂಲು ತಾನೇ ಹಾರಿ ಮುಖ ಸವರಿಕೊಂಡು ಹೋದದ್ದು. ಲಂಡನ್ ಸುತ್ತಲಿನ ರಸ್ತೆಗಳಿಗೆ 1805ರಲ್ಲಿ ಕುದುರೆ ಪಹರೆ ಬಂದ ಮೇಲೆ ಈ ಕಸುಬು ಕರಗುತ್ತ ಹೋದದ್ದು. ಒಂದೂ ಸುಳ್ಳಲ್ಲ. ಆದರೆ ಪ್ರತಿ ಪುಟದಲ್ಲೂ ಟಾಮ್ ನಿಂತು ಯಾವುದೋ ದೊಡ್ಡವರ ಬಾಯಿಂದ ಪಾಠ ಕೇಳುತ್ತಿದ್ದ. ನನ್ನ ಹಳೆಯ ತರಗತಿಯೇ ಯಾರ್ಕಿನ ರಸ್ತೆಗೆ ಬಂದಿತ್ತು. ಸಂಪಾದಕಿ ಈ ಸಲ ಮುಗಿಸುವ ಮೊದಲೇ ವಾಪಸು ಕಳಿಸಿದರು. ಅವರು ಮಾಡಿದ್ದು ಸರಿ.

ಕಥೆಯನ್ನು ನಮ್ಮ ನಾಡಿಗೆ ತಂದುಬಿಡಿ, ಕುದುರೆಯೂ ದರೋಡೆಯೂ ನಮ್ಮಲ್ಲಿಲ್ಲವೇ ಎಂದು ಸ್ನೇಹಿತರು ಹೇಳಿದರು. ಬ್ರೌನಿಂಗನ ಕಿಂದರಿಜೋಗಿಯನ್ನು ಕುವೆಂಪು ಬೊಮ್ಮನಹಳ್ಳಿಗೆ ತಂದದ್ದನ್ನು ನೆನಪಿಸಿದರು. ಆ ಪವಾಡದ ಮುಂದೆ ನಾನು ತಲೆಬಾಗುತ್ತೇನೆ. ಆದರೆ ಕಿಂದರಿಜೋಗಿ ಜನಪದದ ಕಥೆ, ಯಾವ ಊರಿಗಾದರೂ ಬರಬಲ್ಲ. ಲಾರೆನ್ಸ್ ಎಂಬ ರೈತ ಇದ್ದವನು, ಸುಟ್ಟುಕೊಂಡವನು, ಕೋರ್ಟಿನಲ್ಲಿ ಅವನ ಸಂಕಟ ದಾಖಲಾಗಿದೆ. ಅವನ ಊರು ಬದಲಿಸುವ ಹಕ್ಕು ನನಗಿಲ್ಲ ಅನ್ನಿಸಿತು.

ಆದರೆ ಕುಣಿಗಲ್ಲಿಗೂ ಯಾರ್ಕಿಗೂ ನಡುವೆ ನಾನು ಕಟ್ಟದೆಯೇ ಇರುವ ಒಂದು ನಂಟು ಸಿಕ್ಕಿತು. ಅದು ಸಿಕ್ಕಿದ್ದು ಮತ್ತೆ ಆ ಸೈಸ್ ಅವರ ಮಾತಿನಿಂದ. ಕುಣಿಗಲ್ಲಿನ ಕುದುರೆ ಫಾರಮ್ಮಿನಲ್ಲಿ ಹುಟ್ಟುವುದು ರೇಸಿನ ಥರೋಬ್ರೆಡ್ ತಳಿ. ಲೋಕದ ಥರೋಬ್ರೆಡ್‌ಗಳೆಲ್ಲ ಗಂಡು ಕಡೆಯಿಂದ ಮೂರೇ ಮೂರು ಮೂಲ ಕುದುರೆಗಳಿಗೆ ಹೋಗಿ ಸೇರುತ್ತವೆ, ಅದರಲ್ಲೂ ಬಹುಪಾಲು ಡಾರ್ಲಿ ಅರೇಬಿಯನ್ ಎಂಬ ಒಂದಕ್ಕೆ. ಸಿರಿಯಾದ ಅಲೆಪ್ಪೊದಲ್ಲಿ ಕೊಂಡ ಆ ಕುದುರೆ 1704ರಲ್ಲಿ ಹಡಗೇರಿ ಬಂದು ಇಳಿದದ್ದು ಯಾರ್ಕಿನ ಸಮೀಪದ ಆಲ್ಡ್‌ಬಿ ಪಾರ್ಕ್ ಎಂಬ ಜಮೀನಿಗೆ. ಯಾರ್ಕಿನ ಹೊರವಲಯದ ನೇವ್ಸ್‌ಮೈರ್ ಬಯಲಿನಲ್ಲಿ 1731ರಲ್ಲಿ ರೇಸುಗಳು ಶುರುವಾದವು. ಇಂದಿಗೂ ಅಲ್ಲಿ ರೇಸು ನಡೆಯುತ್ತದೆ. 1739ರ ಏಪ್ರಿಲ್ 7ರಂದು ಟರ್ಪಿನ್ ನೇಣಿಗೇರಿದ್ದು ಅದೇ ಬಯಲಿನಲ್ಲಿ, ಹೊಸ ಕೋಟು ತೊಟ್ಟು, ಶೋಕಿಸಲೆಂದು ದುಡ್ಡು ಕೊಟ್ಟು ಗೊತ್ತುಮಾಡಿದ ಐವರನ್ನು ಹಿಂದಿಟ್ಟುಕೊಂಡು, ದಾರಿಯಲ್ಲಿ ಜನಕ್ಕೆ ತಲೆಬಾಗಿ ವಂದಿಸುತ್ತ. ತನ್ನ ದಂತಕಥೆಯ ಮೊದಲ ಪುಟ ಅವನೇ ಬರೆದುಕೊಂಡ. ನಾವು ಮುಂದುವರಿಸಿದ್ದೇವೆ.

ಸೈಸ್ ಅವರಿಗೆ ಟರ್ಪಿನ್ ಹೆಸರು ಗೊತ್ತಿರಲಿಲ್ಲ, ಡಾರ್ಲಿ ಅರೇಬಿಯನ್ ಗೊತ್ತಿತ್ತು. ತಮ್ಮ ಕೈಯಲ್ಲಿ ಹುಟ್ಟಿದ ಮರಿಗಳ ತಾಯಿ, ಅಜ್ಜಿ, ಮುತ್ತಜ್ಜಿಯರ ಹೆಸರನ್ನು ಅವರು ಬಾಯಲ್ಲೇ ಹೇಳುತ್ತಿದ್ದರು. ಹನ್ನೊಂದು ತಿಂಗಳು ಹೊತ್ತು ಹೆರುವ ಕುದುರೆಯ ಪಕ್ಕದಲ್ಲಿ ರಾತ್ರಿಯೆಲ್ಲ ಕಾಯುವುದನ್ನು, ಒಂದೆರಡು ಗಂಟೆಯಲ್ಲೇ ಮರಿ ಎದ್ದು ತಡವರಿಸುತ್ತ ಮೊಲೆ ಹುಡುಕುವುದನ್ನು ಅವರು ಹೇಳುವಾಗ, ನಾನು ಹುಡುಕುತ್ತಿದ್ದ ಸಾಹಸ ಆ ಲಾಯದಲ್ಲಿತ್ತು. ಪಿಸ್ತೂಲು ಹಿಡಿದು ಓಡುವವನಿಗಿಂತ ದಣಿದ ಕುದುರೆಯನ್ನು ಕತ್ತಲಲ್ಲಿ ನಡೆಸುತ್ತ ಅದರ ಉಸಿರು ಎಣಿಸುವ ಹುಡುಗನ ಎದೆಯಲ್ಲಿ ಹೆಚ್ಚು ಭಯ ಇರುತ್ತದೆ. ಕುದುರೆ ಮುಂದೆ ಹೋಗಲಾರದು ಎಂದಾಗಲೇ ದಾರಿ ಉದ್ದವಾಗುವುದು.

ಟಾಮ್‌ನನ್ನು ಕೈಬಿಟ್ಟೆ. ಅವನ ಜಾಗಕ್ಕೆ ಬಂದವನು ದಾಖಲೆಯಲ್ಲೇ ಇದ್ದ. ಎಡ್ಜ್‌ವೇರಿನ ಆ ಮನೆಯಲ್ಲಿ ಕುರಿ ಕಾಯುವ ಹುಡುಗನೊಬ್ಬನಿದ್ದ. ಕುರಿ ಕೂಡಿಹಾಕುತ್ತಿದ್ದವನನ್ನು ಕಳ್ಳರು ಮೊದಲು ಹಿಡಿದರು, ಅವನದೇ ಕಾಲುಪಟ್ಟಿ ಬಿಚ್ಚಿ ಕೈ ಕಟ್ಟಿದರು, ಬಾಗಿಲ ಬಳಿ ನಿಲ್ಲಿಸಿ, ಒಳಗಿನವರು ಯಾರು ಎಂದರೆ ನೀನು ಉತ್ತರ ಕೊಡು ಅಂದರು. ಹೆದರಿಕೆಗೆ ಅವನ ಬಾಯಿಂದ ಮಾತೇ ಹೊರಡಲಿಲ್ಲ ಎಂದು ಆ ಕಾಲದ ಅಪರಾಧ ವೃತ್ತಾಂತಗಳು ಹೇಳುತ್ತವೆ. ಅಷ್ಟು ಹೇಳಿ ಮುಂದೆ ಹೋಗುತ್ತವೆ. ಬಾಗಿಲ ಮುಂದೆ ಗಂಟಲು ಕಟ್ಟಿ ನಿಂತ ಆ ಹುಡುಗನೇ ಈಗ ನನ್ನ ಕಥೆಯ ನಾಯಕ.

ಕಥೆಯ ಕೊನೆಗೆ ಕಳ್ಳ ಸಿಕ್ಕಿಬೀಳುವ ಬಗೆಯೂ ನಾನು ಕಲ್ಪಿಸಬೇಕಾಗಿ ಬರಲಿಲ್ಲ. ಜಾನ್ ಪಾಮರ್ ಹೆಸರಿನಲ್ಲೇ ಯಾರ್ಕಿನ ಸೆರೆಯಲ್ಲಿದ್ದ ಟರ್ಪಿನ್ ತನ್ನ ಊರಿನ ಭಾವನೆಂಟನಿಗೆ ಕಾಗದ ಬರೆದ. ಆಗೆಲ್ಲ ಅಂಚೆ ಶುಲ್ಕ ಕೊಡಬೇಕಾದದ್ದು ಕಾಗದ ಪಡೆಯುವವನು. ಆತ ಕೊಡಲೊಪ್ಪಲಿಲ್ಲ. ಕಾಗದ ಅಂಚೆ ಮನೆಯಲ್ಲೇ ಉಳಿಯಿತು. ಅಲ್ಲಿ ಅದನ್ನು ಜೇಮ್ಸ್ ಸ್ಮಿತ್ ಎಂಬವನು ಕಂಡ. ಟರ್ಪಿನ್‌ಗೆ ಶಾಲೆಯಲ್ಲಿ ಅಕ್ಷರ ತಿದ್ದಿಸಿದ್ದವನು ಅವನೇ. ಬರವಣಿಗೆ ಗುರುತು ಹಿಡಿದು, ಯಾರ್ಕಿಗೆ ಹೋಗಿ, ಜಾನ್ ಪಾಮರ್ ಎಂಬ ಕುದುರೆಗಳ್ಳನೇ ರಿಚರ್ಡ್ ಟರ್ಪಿನ್ ಎಂದು ತೋರಿಸಿ 200 ಪೌಂಡ್ ಪಡೆದ. ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸಿದ ನನಗೆ ಈ ಭಾಗ ಬರೆಯುವುದು ಸುಲಭವಾಗುತ್ತಿಲ್ಲ. ಸ್ಮಿತ್ ಮಾಡಿದ್ದು ಸರಿ ಎಂದೇ ನನ್ನ ತೀರ್ಮಾನ. ಆದರೂ ಆ ಕಾಗದವನ್ನು ಕೈಯಲ್ಲಿ ಹಿಡಿದ ಕ್ಷಣ ಅವನಿಗೆ ಕಂಡದ್ದು ಕೊಲೆಗಾರನ ಮುಖವೋ ಬಳಪ ಹಿಡಿದ ಮಗುವಿನ ಮುಖವೋ ಎಂಬುದನ್ನು ತೀರ್ಮಾನಿಸದೆ ಮುಂದಿನ ಸಾಲು ಬರುವುದಿಲ್ಲ.

ಸಂಪಾದಕಿಗೆ ಹೊಸ ಅಧ್ಯಾಯಗಳನ್ನು ಕಳಿಸುತ್ತಿದ್ದೇನೆ. ಎಡ್ಜ್‌ವೇರಿನ ರಾತ್ರಿಯ ಬಗ್ಗೆ ನಮ್ಮಿಬ್ಬರ ನಡುವೆ ಚರ್ಚೆ ನಡೆದಿದೆ. ಹೆಣ್ಣುಮಗಳಿಗಾದ ಅನ್ಯಾಯವನ್ನು ಈ ವಯಸ್ಸಿನ ಓದುಗರಿಗೆ ಹೇಳುವ ಶಕ್ತಿ ನನ್ನ ಲೇಖನಿಗಿಲ್ಲ, ಅದನ್ನು ಬಿಟ್ಟಿದ್ದೇನೆ. ಕೆಟಲಿನ ನೀರನ್ನು ಬಿಟ್ಟಿಲ್ಲ. ಹುಡುಗ ಕೈಕಟ್ಟಿಸಿಕೊಂಡು ಬಿದ್ದಲ್ಲಿಂದ ಮುದುಕನ ಕೂಗು ಕೇಳುತ್ತಾನೆ, ನೋಡುವುದಿಲ್ಲ, ಹಾಗೆ ಬರೆದಿದ್ದೇನೆ. ಹತ್ತು ವರ್ಷದ ಮಗುವಿಗೆ ಇದು ಭಾರವಾಗುತ್ತದೆ ಎಂದು ಅವರು ಅನ್ನುತ್ತಾರೆ. ಆ ಕೂಗು ಇಲ್ಲದಿದ್ದರೆ ಮಗು ಮತ್ತೆ ಟರ್ಪಿನ್ನನ ಟೋಪಿಯನ್ನೇ ನೋಡುತ್ತದೆ ಎಂದು ನಾನು ಅನ್ನುತ್ತೇನೆ. ಅವರು ಇನ್ನೂ ಒಪ್ಪಿಲ್ಲ.